ಹಿತ್ತಲ ನೀರು

"ಇವತ್ತು ಹಿತ್ತಲಲ್ಲಿ ನೀರು ಇಡಲ್ಲ ಕಣೋ," ಎಂದರು ಜಯಲಕ್ಷ್ಮಮ್ಮ. "ಇವತ್ತು ನೀನು ಮುಂದಿನ ಬಾಗಿಲಲ್ಲೇ ಬರಬೇಕು. ಜಂಬವಾಗಿ."

ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಗುರುಚರಣ ತಾಯಿಯ ಮುಖ ನೋಡಿದ. ತಮಾಷೆಗೆ ಹೇಳಿದ ಹಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಿಂದ, ಅವನು ನುಡಿಸಲು ಹೋದ ದಿನವೆಲ್ಲ, ಹಿತ್ತಲ ಕೈಪಂಪಿನ ಪಕ್ಕ ಒಂದು ಬಕೆಟ್ ನೀರು ಕಾದಿರುತ್ತಿತ್ತು, ಮೇಲೊಂದು ಅಲ್ಯೂಮಿನಿಯಂ ತಟ್ಟೆ ಮುಚ್ಚಿಕೊಂಡು. ಅವನು ಪಕ್ಕದ ಸಂದಿಯಿಂದ ಬಂದು, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು, ಒಣಬಟ್ಟೆ ಸುತ್ತಿಕೊಂಡು ಹಿಂಬಾಗಿಲಿನಿಂದ ಒಳಗೆ ಹೋಗಬೇಕು. ಸಾವಿನ ಮನೆಯಿಂದ ಬಂದವರು ಹಾಗೇ ಒಳಗೆ ಬರುವುದು. ಗುರುಚರಣ ನುಡಿಸುತ್ತಿದ್ದದ್ದು ಸಾವಿನ ಮನೆಗಳಲ್ಲಿ ಮಾತ್ರ.

ಅದು ಎರಡು ಸಾವಿರದ ಮೂರನೆಯ ಇಸವಿ. ಚೆನ್ನೈಗೆ ನೀರು ಕೊಡುವ ಕೆರೆಗಳೆಲ್ಲ ಬತ್ತಿ ಕೂತಿದ್ದವು. ನೀರಿನ ಲಾರಿ ಎರಡು ದಿನಕ್ಕೊಮ್ಮೆ ರಾಯಪುರಂನ ಅವರ ಓಣಿಯ ತುದಿಗೆ ಬಂದು ನಿಂತರೆ ಹೆಂಗಸರು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿದ್ದರು. ಅರವತ್ತೆಂಟರ ಜಯಲಕ್ಷ್ಮಮ್ಮನೂ ಓಡುತ್ತಿದ್ದರು. ಅನ್ನಕ್ಕೆ ನೀರು ಕಡಿಮೆಯಾದರೂ ಮಗನ ಬಕೆಟ್ಟಿಗೆ ಕೈ ಹಾಕಿದವರಲ್ಲ. ಈ ದಿನ ಮಾತ್ರ ಆ ಬಕೆಟ್ಟಿನ ನೀರನ್ನು ಧಾರಾಳವಾಗಿ ಸುರಿದು ಮುಂಬಾಗಿಲಿನ ಮೆಟ್ಟಿಲು ತೊಳೆದು, ಮಧ್ಯಾಹ್ನದ ಬಿಸಿಲಲ್ಲೇ ಕೂತು ರಂಗೋಲಿ ಎಳೆದಿದ್ದರು. ಬಾಗಿ ಎಳೆದು ಸೊಂಟ ಹಿಡಿದುಕೊಂಡಿತ್ತು, ಅದನ್ನು ಹೇಳಿಕೊಳ್ಳುವವರಲ್ಲ.

ಆ ಕಡೆಯ ಓಣಿಗಳಲ್ಲಿ ಯಾರಾದರೂ ಸತ್ತರೆ ಮನೆಯ ಮುಂದೆ ಶಾಮಿಯಾನ ಏಳುತ್ತದೆ, ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ, ಅವುಗಳ ಹಿಂದೆಯೇ ಗಾನಾ ಹಾಡುವವರು ಬರುತ್ತಾರೆ. ಸತ್ತವರ ಹೆಸರು ಹಿಡಿದು ಕರೆದು, ಅವರು ಹೇಗೆ ಬದುಕಿದರು, ಯಾರನ್ನು ಬಿಟ್ಟುಹೋದರು ಎಂದು ಹಾಡುತ್ತಾರೆ. ದೇಸಪ್ಪನ್ ಅಲ್ಲಿಯ ಹಳೆಯ ಹಾಡುಗಾರ. ಅವನ ಜೊತೆ ಡೋಲಕ್ ಬಾರಿಸುವವನು ಅಂತೋಣಿ. ಗುರುಚರಣನದು ಬುಲ್‌ಬುಲ್ ತಾರಾ. ಉದ್ದನೆಯ ಪೆಟ್ಟಿಗೆಯ ಮೇಲೆ ತಂತಿಗಳು, ತಂತಿಗಳನ್ನು ಒತ್ತಲು ಟೈಪ್‌ರೈಟರಿನಲ್ಲಿರುವಂಥ ಗುಂಡಿಗಳು. ಹಗಲು ಅವನು ಹಾರ್ಬರಿನ ಹತ್ತಿರ ಒಬ್ಬ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಟೈಪಿಸ್ಟ್. ಬೆರಳಿಗೆ ರಜೆಯೇ ಇಲ್ಲ ಎಂದು ಅಂತೋಣಿ ಗೇಲಿ ಮಾಡುತ್ತಿದ್ದ.

ಮಾಧ್ವರ ಮನೆಯ ಹುಡುಗ ಅಲ್ಲಿಗೆ ಹೋಗಿ ಸೇರಿದ್ದರ ಹಿಂದೆ ಮಹಾ ಕಥೆಯೇನೂ ಇಲ್ಲ. ತಂದೆ ಕಮಲಾಕರ ರಾಯರು ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಐಲೆಂಡ್ ಗ್ರೌಂಡಿನ ಎಗ್ಸಿಬಿಷನ್ನಿನಲ್ಲಿ ಮಗನಿಗೆ ಬುಲ್‌ಬುಲ್ ಕೊಡಿಸಿದರು. ಹುಡುಗ ಗುರುವಾರ ಸಂಜೆ ಗುರುರಾಯರ ಪಟದ ಮುಂದೆ ಕೂತು ಒಂದು ದೇವರನಾಮ ನುಡಿಸುತ್ತಿದ್ದ. ಜಯಲಕ್ಷ್ಮಮ್ಮ ಒಲೆ ಸಣ್ಣ ಮಾಡಿ, ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಅವನಿಗೆ ಇಪ್ಪತ್ತಾದಾಗ ಪಕ್ಕದ ಓಣಿಯ ಸಾವೊಂದಕ್ಕೆ ದೇಸಪ್ಪನ್‌ನ ಬುಲ್‌ಬುಲ್ಲಿನವನು ಕುಡಿದು ಬಿದ್ದು ಬರಲಿಲ್ಲ. "ಅಯ್ಯರೇ, ಒಂದು ಗಂಟೆ ಬಂದು ಹೋಗು," ಎಂದು ಕರೆದರು. ಆ ಒಂದು ಗಂಟೆ ಇನ್ನೂ ಮುಗಿದಿರಲಿಲ್ಲ.

ಮೊದಲ ದಿನವೇ ತಾಯಿ ಹೇಳಿಬಿಟ್ಟಿದ್ದರು: "ಅಲ್ಲಿಗೆ ಹೋಗಿ ಬಂದ ವಾದ್ಯ ಒಳಗೆ ಬರಕೂಡದು." ಅಂದಿನಿಂದ ಬುಲ್‌ಬುಲ್ ಹಿತ್ತಲ ಮೆಟ್ಟಿಲ ಕೆಳಗೆ ಒಂದು ಮೊಳೆಗೆ ಗೋಣಿಚೀಲದಲ್ಲಿ ತೂಗಾಡಿತು. ಹೆಣ್ಣು ಕೊಡಲು ಬಂದವರು ಅಕ್ಕಪಕ್ಕ ವಿಚಾರಿಸಿ ಕಾಫಿ ಕುಡಿಯದೆ ಹೋದರು. ಮಗ ನುಡಿಸಿದ್ದನ್ನು ಜಯಲಕ್ಷ್ಮಮ್ಮ ಮತ್ತೆ ಕೇಳಲೇ ಇಲ್ಲ. ಸಾವಿನ ಮನೆಯ ಮುಂದೆ ಹೋಗಿ ನಿಂತು ಮಗನ ವಾದ್ಯ ಕೇಳಲು ಯಾವ ತಾಯಿಗೆ ಆಗುತ್ತದೆ? ಹೀಗೆ ಒಂದೇ ಮನೆಯಲ್ಲಿ, ಒಂದೇ ಅಡುಗೆ ಉಂಡು, ಅವರಿಬ್ಬರ ನಡುವೆ ಆ ಒಂದು ವಿಷಯ ಹಿತ್ತಲಲ್ಲೇ ಉಳಿದುಹೋಗಿತ್ತು. ಅದು ಒಮ್ಮೆಯಾದರೂ ಒಳಗೆ ಬರಲಿ ಎನ್ನುವುದೇ ಗುರುಚರಣನಿಗಿದ್ದ ಆಸೆ. ಬೇರೆ ಆಸೆಗಳನ್ನೆಲ್ಲ ಅವನು ಯಾವಾಗಲೋ ಕೈಬಿಟ್ಟಿದ್ದ.

ಅಂಥ ಹೊತ್ತಿನಲ್ಲಿ ಅನಿಲ್ ಬಂದ. ಟಿ. ನಗರದ ಕನ್ನಡ ಮನೆತನದವನು, ಜಾಹೀರಾತು ಕಂಪನಿ ನಡೆಸುವವನು. ಅಡ್ಯಾರಿನಲ್ಲಿ ಅಜ್ಜನ ಕಾಲದ ಬಂಗಲೆಯನ್ನು ಒಡೆಸಿ, ಕಟ್ಟಿಸಿ, ಇನ್ನೂರು ಜನ ಕೂರುವ ಸಂಗೀತದ ಜಾಗ ಮಾಡಿದ್ದ. 'ತಿಣ್ಣೈ' ಎಂದು ಹೆಸರಿಟ್ಟಿದ್ದ. ತಮಿಳಿನಲ್ಲಿ ಜಗಲಿ ಎಂದರ್ಥ. ಒಂದು ಸಾವಿನ ಮನೆಯಲ್ಲಿ ದೇಸಪ್ಪನ್ ಹಾಡಿದ್ದನ್ನು ಕೇಳಿ ಹುಚ್ಚು ಹಿಡಿದವನಂತೆ ಹುಡುಕಿಕೊಂಡು ಬಂದಿದ್ದ. ಬುಲ್‌ಬುಲ್ಲಿನವನು ಕನ್ನಡದವನೆಂದು ತಿಳಿದಾಗಲಂತೂ ಅವನ ಸಂತೋಷ ಹೇಳತೀರದು.

"ಸಭಾಗಳಲ್ಲಿ ಸಿಗೋ ಮ್ಯೂಸಿಕ್ ನನಗೆ ಬೇಡ ಸಾರ್. ಈ ಊರಿನ ರೂಟ್ಸ್ ಬೇಕು. ಓಪನಿಂಗ್ ದಿವಸವೇ ನಿಮ್ಮ ಪ್ರೋಗ್ರಾಂ," ಎಂದ.

"ಸಾವಿನ ಹಾಡು ಅಲ್ಲಿ ಆಗಲ್ಲ ಸಾರ್," ಗುರುಚರಣ ಮೊದಲೇ ಬಿಡಿಸಿ ಹೇಳಿದ. "ದೇಸಪ್ಪನ್ ಅವರದ್ದು ಒಂದು ಮುರೈ, ಒಂದು ಪದ್ಧತಿ ಇದೆ. ನಿಜವಾಗಿ ಸತ್ತವರ ಹೆಸರಿಲ್ಲದೆ ಹಾಡಲ್ಲ. ಆ ಹೆಸರನ್ನ ಮನೆಯವರೇ ಎಲೆ ಅಡಿಕೆ, ಒಂದು ರೂಪಾಯಿ ಇಟ್ಟು ಕೊಡಬೇಕು. ಒಂದ್ಸಲ ಹಾಡಿದ ಹೆಸರನ್ನ ಮತ್ತೆ ಹಾಡಲ್ಲ. ಹೋದವರನ್ನ ಎರಡು ಸಲ ಕಳಿಸಬಾರದು ಅಂತಾರೆ."

"ವಾವ್," ಎಂದ ಅನಿಲ್. "ಇಲ್ಲ ಸಾರ್, ಓಪನಿಂಗ್‌ಗೆ ಸಾವು ಗೀವು ಯಾಕೆ? ಹಾರ್ಬರ್ ಹಾಡು, ಕಡಲಿನ ಹಾಡು ಹಾಡಿ. ಸಾಕು."

"ಕೊನೇಲಿ ನಾನೊಬ್ಬನೇ ಒಂದು ದೇವರನಾಮ ನುಡಿಸ್ಲಾ? ಐದು ನಿಮಿಷ."

"ಡೆಫಿನೆಟ್ಲಿ ಸಾರ್."

ಗುರುಚರಣ ಮನೆಗೆ ಬಂದು ಹೇಳಿದಾಗ ಜಯಲಕ್ಷ್ಮಮ್ಮ ಮೂರು ಸಲ ಕೇಳಿದ್ದರು, ಅದು ಸಾವಿನ ಮನೆ ಅಲ್ಲ ತಾನೇ ಎಂದು. ಅಲ್ಲ, ಹೊಸ ಕಟ್ಟಡ, ಗೃಹಪ್ರವೇಶ ಇದ್ದ ಹಾಗೆ ಎಂದ. ಬಹಳ ಹೊತ್ತು ಸೊಪ್ಪು ಸೋಸುತ್ತ ಕೂತಿದ್ದವರು ತಲೆ ಎತ್ತದೆ, "ಹಾಗಾದ್ರೆ ನಾನೂ ಬರ್ತೀನಿ," ಎಂದರು. "ಆ ಗುರುವಾರದ ದೇವರನಾಮ ಜ್ಞಾಪಕ ಇದೆಯೇನೋ ನಿಂಗೆ, ಇಲ್ಲ ಎಲ್ಲಾ ಮರೆತುಹೋಯ್ತಾ?"

ಮರುದಿನವೇ ಅವನು ಹೊಸ ಬುಲ್‌ಬುಲ್ ಕೊಂಡು ತಂದ. ಸಾವಿನ ಮನೆ ಕಾಣದ ವಾದ್ಯ. ಅದು ಮುಂಬಾಗಿಲಿನಿಂದಲೇ ಒಳಗೆ ಬಂದು ದೇವರ ಗೂಡಿನ ಕೆಳಗೆ ಮಣೆಯ ಮೇಲೆ ಹತ್ತು ದಿನ ಕೂತಿತು. ಈಗ ಹೊರಡುವ ಹೊತ್ತಿಗೆ ಜಯಲಕ್ಷ್ಮಮ್ಮ ಅದಕ್ಕೆ ಅಕ್ಷತೆ ಹಾಕಿದರು. ಕುಂಕುಮದ ಬಟ್ಟಲನ್ನು ಮಾತ್ರ ಮಗನ ಕಡೆ ಸರಿಸಿದರು.

"ನೀನೇ ಇಡು. ನನ್ನ ಕೈಲಿ ಬೇಡ. ಶುಭಕ್ಕೆ ಹೋಗೋದು ಅದು."

"ಅಮ್ಮ, ಈಗಿನ ಕಾಲದಲ್ಲಿ ಇದೆಲ್ಲ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ. ಸೀಕ್ರಂ ಇಡು, ವ್ಯಾನ್ ಬರತ್ತೆ."

ಅವನು ಕುಂಕುಮ ಇಟ್ಟ. ತಾಯಿ ಪೆಟ್ಟಿಗೆಯ ಅಡಿಯಿಂದ ತೆಗೆದ ಅರಿಶಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಹನ್ನೊಂದು ವರ್ಷಗಳ ಹಿಂದೆ ಕಮಲಾಕರ ರಾಯರು ಹೋದ ಮೇಲೆ ಆಕೆ ಉಟ್ಟ ಮೊದಲ ರೇಷ್ಮೆ ಅದು.

ಅನಿಲ್ ಕಳಿಸಿದ ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಜಯಲಕ್ಷ್ಮಮ್ಮ, ಹಿಂದೆ ಡೋಲಕ್ಕಿನ ಜೊತೆ ಮೂವರು. ದೇಸಪ್ಪನ್ ಅಂದು ಬೀಡಿ ಸೇದಲಿಲ್ಲ, ಒಂದೂ ಒರಟು ಮಾತಾಡಲಿಲ್ಲ. "ಅಮ್ಮ ಬಂದಿರೋದು ನಮಗೆ ಪುಣ್ಯ," ಎಂದು ತಮಿಳಿನಲ್ಲಿ ಎರಡು ಸಲ ಹೇಳಿದ. ಅರವತ್ತೆರಡರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಷರಟಿನೊಳಗೆ ಮದುವೆ ಗಂಡಿನ ಹಾಗೆ ಬಿಗಿದುಕೊಂಡು ಕೂತಿದ್ದ. ಅವನಿಗೂ ಈ ದಿನ ಬೇಕಾಗಿತ್ತು. ಸಾವಿನ ಮನೆಯವರು ಈಗೀಗ ಸಿಡಿ ತಂದು ಹಾಕಿಬಿಡುತ್ತಿದ್ದರು. ದೇಸಪ್ಪನ್‌ನನ್ನು ಕರೆದು ಎರಡು ತಿಂಗಳಾಗಿತ್ತು.

ತಿಣ್ಣೈಯ ಮುಂದೆ ನಿಜವಾದ ಜಗಲಿಯೊಂದನ್ನು ಕಟ್ಟಿ ಕೆಂಪು ಗಾರೆ ಮಾಡಿದ್ದರು. ಅದರ ಮೇಲೆ ಹಿತ್ತಾಳೆಯ ಉರುಳಿಯಲ್ಲಿ ಹೂವಿನ ಪಕಳೆ ತೇಲಿಬಿಟ್ಟು, ಯಾರೂ ಕೂರದ ಹಾಗೆ ಹಗ್ಗ ಕಟ್ಟಿದ್ದರು. ಉರುಳಿಯ ತುಂಬ ನೀರು. ಜಯಲಕ್ಷ್ಮಮ್ಮ ಅದನ್ನೇ ನೋಡುತ್ತ, "ಎರಡು ಕೊಡ ಹಿಡಿಸತ್ತೆ," ಎಂದರು. ಬಾಗಿಲಲ್ಲಿ ಒಬ್ಬ ಹುಡುಗಿ ಗಂಧ ಹಚ್ಚಿ, ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಎಲ್ಲರಿಗೂ ಕೊಟ್ಟಳು. ಗುರುಚರಣ ತನ್ನದನ್ನು ಜೇಬಿಗೆ ಹಾಕಿಕೊಂಡ. ಅನಿಲ್ ಓಡಿ ಬಂದು ಜಯಲಕ್ಷ್ಮಮ್ಮನ ಕಾಲಿಗೆ ನಮಸ್ಕಾರ ಮಾಡಿ, ಮೂರನೆಯ ಸಾಲಿನಲ್ಲಿ ಕೂರಿಸಿದ. ಆಕೆ ಸೆರಗು ಹೊದ್ದುಕೊಂಡು, ನೆಟ್ಟಗೆ ಕೂತು, ವೇದಿಕೆಯ ಕಡೆ ನೋಡಿ ಸಣ್ಣಗೆ ನಕ್ಕರು. ತಾಯಿ ಹಾಗೆ ನಕ್ಕಿದ್ದನ್ನು ಗುರುಚರಣ ಎಷ್ಟು ವರ್ಷಗಳ ಮೇಲೆ ನೋಡಿದನೋ. ಅವನಿಗೆ ಅಳು ಬಂದ ಹಾಗಾಯಿತು.

ಏಳು ಗಂಟೆಗೆ ಶುರುವಾಯಿತು. ದೇಸಪ್ಪನ್ ಮೊದಲು ಹಾರ್ಬರಿನ ಕ್ರೇನುಗಳ ಮೇಲೊಂದು ಹಾಡು ಹಾಡಿದ. ಆಮೇಲೆ ನೀರಿನ ಲಾರಿಯ ಹಿಂದೆ ಓಡುವ ಹೊಸ ಮದುವಣಗಿತ್ತಿಯ ಮೇಲೊಂದು. ಇದೇ ಹಾಡಿಗೆ ಅವರ ಓಣಿಯಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲಿ ಜನ ಕತ್ತಲಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಹಾಡು ಮುಗಿದಾಗ ನಾಲ್ಕು ಚಪ್ಪಾಳೆ ತಟ್ಟಿ ಪಕ್ಕದವರ ಕಡೆ ಬಾಗಿ ಏನೋ ಮಾತಾಡಿಕೊಂಡರು. ಹವಾನಿಯಂತ್ರಣದ ತಂಪಿಗೆ ಡೋಲಕ್ಕಿನ ದನಿಯೂ ಮಂಕಾದ ಹಾಗಿತ್ತು. ಹಿಂದಿನ ಸಾಲಿನಿಂದ ಇಬ್ಬರು ಎದ್ದು ಹೋದರು. ಜಯಲಕ್ಷ್ಮಮ್ಮ ಮಾತ್ರ ಲಾರಿಯ ಹಾಡಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಪಕ್ಕದ ಪರದೆಯ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದ ಅನಿಲ್ ತಟಕ್ಕನೆ ವೇದಿಕೆ ಹತ್ತಿದ. ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿದ. ಇವರ ನಿಜವಾದ ಕಲೆ ಇದಲ್ಲ, ಇವರು ಸತ್ತವರಿಗಾಗಿ ಹಾಡುವವರು, ಈ ನಗರದ ಬೇರು ಇರುವುದು ಆ ಹಾಡಿನಲ್ಲಿ, ಅದನ್ನು ಕೇಳದೆ ಇವತ್ತು ಯಾರೂ ಮನೆಗೆ ಹೋಗಬಾರದು ಎಂದ. ಜನ ಮೊದಲ ಸಲ ಜೋರಾಗಿ ಚಪ್ಪಾಳೆ ತಟ್ಟಿದರು.

"ಸಾರ್," ಗುರುಚರಣ ಕೂತಲ್ಲಿಂದಲೇ ಪಿಸುಗುಟ್ಟಿದ. "ನಾನು ಹೇಳಿದ್ನಲ್ಲ. ಹೆಸರಿಲ್ಲದೆ ಆಗಲ್ಲ."

"ಯಾವುದಾದ್ರೂ ಒಂದು ಹೆಸರು ಹಾಕಿ ಸಾರ್. ಯಾರಿಗೆ ಗೊತ್ತಾಗತ್ತೆ? ಪ್ಲೀಸ್. ಒಂದೇ ಹಾಡು. ಆಮೇಲೆ ನಿಮ್ಮ ದೇವರನಾಮ."

ಅವನು ಕೆಳಗಿಳಿದು ಹೋದ. ದೇಸಪ್ಪನ್ ಬೆಳಕಿನ ನಡುವೆ ಒಬ್ಬನೇ ನಿಂತಿದ್ದ. ತನಗೆ ತಿಳಿದ ರೀತಿಯಲ್ಲೇ, ಸಭೆಯ ಕಡೆ ಕೈಜೋಡಿಸಿ, "ಹೆಸರು ಕೊಡೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿದ. ಹಿಂದಿನಿಂದ ಯಾರೋ ಒಬ್ಬ ತನ್ನ ಪಕ್ಕದಲ್ಲಿ ಕೂತಿದ್ದ ಸ್ನೇಹಿತನ ಹೆಸರು ಕೂಗಿದ: "ಸುರೇಶ್! ಇವನನ್ನ ಹಾಕಿ!" ಇಡೀ ಸಭೆ ಗೊಳ್ಳೆಂದು ನಕ್ಕಿತು. ಸುರೇಶನೂ ನಕ್ಕ. ಬದುಕಿರುವವನ ಹೆಸರು ಸಾವಿನ ಹಾಡಿನ ಹತ್ತಿರ ಬಂದದ್ದಕ್ಕೆ ದೇಸಪ್ಪನ್ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅದಕ್ಕೂ ನಕ್ಕರು.

ಗುರುಚರಣನಿಗೆ ಆ ನಗು ತಡೆಯಲಾಗಲಿಲ್ಲ. ಅವರ ಓಣಿಗಳಲ್ಲಿ ಸತ್ತವರ ಹೆಸರುಗಳೆಲ್ಲ ಹಾಡಿ ಮುಗಿದಿದ್ದವು. ದೇಸಪ್ಪನ್‌ನ ಹೆಂಡತಿಯದು, ಅಂತೋಣಿಯ ತಮ್ಮನದು, ಎಲ್ಲ. ಅವರಿಗೆ ಗೊತ್ತಿದ್ದವರಲ್ಲಿ ಹಾಡದೆ ಉಳಿದ ಹೆಸರು ಒಂದೇ ಒಂದು. ಹನ್ನೊಂದು ವರ್ಷಗಳ ಹಿಂದೆ ರಾಯರು ತೀರಿಕೊಂಡ ದಿನ ದೇಸಪ್ಪನ್ ಹೆಗಲ ಮೇಲೆ ಟವೆಲು ಹಾಕಿಕೊಂಡು ಓಣಿಯ ತುದಿಗೆ ಬಂದು ನಿಂತಿದ್ದ. ಒಳಗೆ ಪುರೋಹಿತರು, ನೆಂಟರು. ಗುರುಚರಣನೇ ಹೋಗಿ, "ಬೇಡ, ಇಲ್ಲಿ ಆಗಲ್ಲ," ಎಂದು ಕಳಿಸಿದ್ದ. ಆದರೆ ಅದರ ಹಿಂದಿನ ವರ್ಷ ರಾಯರು ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಪಕ್ಕದ ಓಣಿಯಲ್ಲಿ ಮಗ ನುಡಿಸುತ್ತಿದ್ದುದನ್ನು ಕದ್ದು ಕೇಳಿದ್ದರು. ಮಗ ವಾಪಸು ಬಂದ ಹೊತ್ತಿಗೆ ಮೆಟ್ಟಿಲಿಳಿಯುತ್ತ ಅವನ ಕೈಗೆ ಸಿಕ್ಕಿಬಿದ್ದು, ನಾಚಿಕೊಂಡು, "ನಂಗೂ ಹೀಗೇ ಹಾಡ್ತಾರೇನೋ?" ಎಂದು ಕೇಳಿದ್ದರು. ಇದು ಜಯಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲ. ಗುರುಚರಣ ಅದನ್ನು ಯಾರಿಗೂ ಹೇಳಿರಲಿಲ್ಲ.

ಅವನು ಎದ್ದು ದೇಸಪ್ಪನ್‌ನ ಹತ್ತಿರ ಹೋದ. ಜೇಬಿನಿಂದ ಬಾಗಿಲಲ್ಲಿ ಕೊಟ್ಟ ಎಲೆ ಅಡಿಕೆ ತೆಗೆದು ಅದರ ಮೇಲೊಂದು ರೂಪಾಯಿ ಇಟ್ಟ.

"ಅಪ್ಪನ ಹೆಸರು ಹಾಡು," ಎಂದ.

ದೇಸಪ್ಪನ್ ಮೂರನೆಯ ಸಾಲಿನ ಕಡೆ ನೋಡಿದ. "ವೇಂಡಾ ಅಯ್ಯರೇ. ಅಮ್ಮ ಕೂತಿದ್ದಾರೆ."

"ಅಪ್ಪನೇ ಕೇಳಿದ್ರು. ಹಾಡು."

ತನಗೆ ತಾನೇ ಅವನು ಹೇಳಿಕೊಂಡದ್ದು ಇಷ್ಟು: ತಾಯಿಗೆ ಮೊದಲು ಬೇಸರವಾಗಬಹುದು, ಆದರೆ ಕೇಳುತ್ತಾ ಕೇಳುತ್ತಾ ಅರ್ಥವಾಗುತ್ತದೆ, ತಾನು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ತಿಳಿಯುತ್ತದೆ, ಆಮೇಲೆ ದೇವರನಾಮ ನುಡಿಸಿದರೆ ಎಲ್ಲ ಸರಿಹೋಗುತ್ತದೆ. ಪಾಪ, ಅವನು ನಿಜವಾಗಿಯೂ ಹಾಗೆ ನಂಬಿದ್ದ.

ದೇಸಪ್ಪನ್ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು, ಎಡಗೈ ಕಿವಿಗಿಟ್ಟು, ದನಿ ಎತ್ತಿದ. ಹಾಡುವುದಕ್ಕೆ ಅವನಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಆ ಓಣಿಯಲ್ಲಿ ಅವನಿಗೆ ಗೊತ್ತಿಲ್ಲದ ಬದುಕೇ ಇರಲಿಲ್ಲ. ಗೂಡ್ಸ್ ಶೆಡ್ಡಿನ ಕಮಲಾಕರ, ಬಿಸಿಲಿದ್ದರೂ ಕೊಡೆ ಹಿಡಿದು ಹೋಗುತ್ತಿದ್ದ ಕಮಲಾಕರ, ಈ ಪಯಣಕ್ಕೆ ಕೊಡೆ ಮರೆತೆಯಲ್ಲ ಎಂದು ತಮಿಳಿನಲ್ಲಿ ಹಾಡಿದ. ಊರಿನ ಮೂಟೆಗಳಿಗೆಲ್ಲ ಚೀಟಿ ಬರೆದು ಕಳಿಸಿದವನೇ, ನಿನ್ನ ಚೀಟಿ ಬರೆದವನು ಯಾರು ಎಂದು ಕೇಳಿದ. ಗುರುಚರಣನ ಬೆರಳುಗಳು ಹೊಸ ವಾದ್ಯದ ಮೇಲೆ ತಾವಾಗಿಯೇ ಓಡಿದವು. ಅವನು ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ. ಅಪ್ಪ ಮಾಳಿಗೆಯ ಮೇಲೆ ಕೂತು ಕೇಳುತ್ತಿದ್ದಾರೆ ಅನ್ನಿಸಿತು. ಎರಡನೆಯ ಚರಣ ಮಗನದು: ಒಬ್ಬನೇ ಮಗ ನಿನಗೆ, ತಂತಿ ಮೀಟುವ ಮಗ, ಊರಿಗೆಲ್ಲ ನುಡಿಸಿದ, ನಿನಗೆ ನುಡಿಸಲಿಲ್ಲವಲ್ಲ. ಗುರುಚರಣನ ಕಣ್ಣಿನಿಂದ ನೀರು ಇಳಿಯಿತು. ಸಭೆಯಲ್ಲಿ ಗುಸುಗುಸು ನಿಂತುಹೋಗಿತ್ತು.

ಆಗ ಅವನಿಗೆ ಮುಂದಿನ ಚರಣ ಯಾವುದೆಂಬುದು ಹೊಳೆಯಿತು.

ಸಾವಿರ ಸಲ ನುಡಿಸಿದ ಹಾಡು ಅದು. ಮೊದಲು ಸತ್ತವರು, ಆಮೇಲೆ ಮಕ್ಕಳು, ಕೊನೆಗೆ ಹೆಂಡತಿ. ಹೆಂಡತಿಯನ್ನು ಹೆಸರು ಹಿಡಿದು ಕರೆಯಬೇಕು. ಆ ಹೆಸರು ಕೂಗಿದಾಗ ಸಾವಿನ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳುತ್ತಾರೆ, ವಿಧವೆಯನ್ನು ಹಿಡಿದುಕೊಳ್ಳಲು ನಾಲ್ಕು ಜನ ಇರುತ್ತಾರೆ. ಹಾಡು ಇರುವುದೇ ಅವಳನ್ನು ಅಳಿಸಲು, ಅಳಿಸಿ ಹಗುರ ಮಾಡಲು. ಬೆರಳಿಗೆ ಗೊತ್ತಿದ್ದದ್ದು ತಲೆಗೆ ಬರುವುದರೊಳಗೆ ಹೊತ್ತು ಮೀರಿತ್ತು. ಅವನು ದೇಸಪ್ಪನ್ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ದೇಸಪ್ಪನ್ ಕಣ್ಣು ಮುಚ್ಚಿ ಹಾಡುತ್ತಿದ್ದ. ಹಾಡು ಎತ್ತಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಅವನ ರೀತಿಯಲ್ಲಿ ಇರಲಿಲ್ಲ.

"ಜಯಲಕ್ಷ್ಮೀ," ಎಂದು ಕೂಗಿದ. "ಓ ಜಯಲಕ್ಷ್ಮೀ!"

ಅಂತೋಣಿ ಡೋಲಕ್ಕಿನ ಲಯ ಇಮ್ಮಡಿ ಮಾಡಿದ. ನಿನ್ನ ಹಣೆಯ ಕುಂಕುಮ ಯಾರು ಅಳಿಸಿದರು ಜಯಲಕ್ಷ್ಮೀ, ನಿನ್ನ ಕೈಯ ಬಳೆ ಯಾವ ಕಲ್ಲಿಗೆ ಒಡೆಯಿತು ಜಯಲಕ್ಷ್ಮೀ. ಕತ್ತಲಲ್ಲಿ ಕೂತಿದ್ದವರಿಗೆ ಆ ಲಯ ಹಿಡಿಸಿತು. ಒಬ್ಬರು ಚಪ್ಪಾಳೆಯಿಂದ ತಾಳ ಹಾಕಿದರು, ಆಮೇಲೆ ಹತ್ತು ಜನ, ಆಮೇಲೆ ಇನ್ನೂರು ಜನ. ಹಿಂದಿನಿಂದ ಶಿಳ್ಳೆ ಬಂತು. ಮೂರನೆಯ ಸಾಲಿನಲ್ಲಿ ಜಯಲಕ್ಷ್ಮಮ್ಮ ನೆಟ್ಟಗೆ ಕೂತಿದ್ದರು. ಅಳಲಿಲ್ಲ. ಹಿಡಿದುಕೊಳ್ಳಲು ಅಕ್ಕಪಕ್ಕ ಯಾರೂ ಇರಲಿಲ್ಲ. ಪಕ್ಕದ ಹೆಂಗಸು ತಾಳ ಹಾಕುತ್ತ ಆಕೆಯ ಕಡೆ ತಿರುಗಿ ನಕ್ಕಳು. ಗುರುಚರಣ ನುಡಿಸುತ್ತಲೇ ಇದ್ದ. ನಿಲ್ಲಿಸಬಹುದಾಗಿತ್ತು ಎಂದು ಆಮೇಲೆ ಬದುಕಿಡೀ ಅಂದುಕೊಳ್ಳಲಿಕ್ಕಿತ್ತು, ಆಗ ನಿಲ್ಲಿಸಲಿಲ್ಲ.

ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೀಪಗಳು ಹತ್ತಿದವು. ಅನಿಲ್ ಮೂವರನ್ನೂ ತಬ್ಬಿಕೊಂಡ.

"ದೇವರನಾಮ," ಎಂದ ಗುರುಚರಣ.

"ಅಯ್ಯೋ ಸಾರ್, ಇದಾದ್ಮೇಲೆ ಇನ್ನೇನೂ ಬೇಡ. ಜನ ಇದನ್ನೇ ಮನಸ್ಸಲ್ಲಿ ಇಟ್ಕೊಂಡು ಹೋಗ್ಲಿ." ಅವನ ಕಣ್ಣೂ ಒದ್ದೆಯಾಗಿತ್ತು, ಕೆಟ್ಟವನಲ್ಲ. ದೇಸಪ್ಪನ್ ಕಡೆ ತಿರುಗಿ ತಮಿಳಿನಲ್ಲಿ ಹೇಳಿದ: "ಪ್ರತಿ ತಿಂಗಳು ಮೊದಲನೇ ಶನಿವಾರ ನಿಮ್ಮದೇ. ಇದೇ ಹಾಡು ಬೇಕು. ಆ ಕಮಲಾಕರ, ಜಯಲಕ್ಷ್ಮೀ ಹಾಡು."

ಗುರುಚರಣ ದೇಸಪ್ಪನ್‌ನ ಮುಖ ನೋಡಿದ. ಈಗ ಹೇಳುತ್ತಾನೆ, ಹಾಡಿದ ಹೆಸರನ್ನು ಮತ್ತೆ ಹಾಡುವುದಿಲ್ಲ ಎಂದು ಈಗ ಹೇಳುತ್ತಾನೆ ಎಂದು ಕಾದ. ದೇಸಪ್ಪನ್ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಸರಿ ಸಾರ್," ಎಂದ.

ವ್ಯಾನಿನಲ್ಲಿ ವಾಪಸು ಬರುವಾಗ ಬೀಚಿನ ರಸ್ತೆಯಲ್ಲಿ ಗಾಳಿ ಜೋರಾಗಿತ್ತು. ದೇಸಪ್ಪನ್, ಅಂತೋಣಿ ಇಬ್ಬರೂ ಅವರ ಓಣಿಯ ಹತ್ತಿರ ಇಳಿದುಹೋದರು. ದೇಸಪ್ಪನ್ ಇಳಿದು ಮುಂದಿನ ಕಿಟಕಿಯ ಹತ್ತಿರ ಒಂದು ಕ್ಷಣ ನಿಂತ, ಕೈಮುಗಿದ, ಹೋದ.

"ನನ್ನ ಹೆಸರು ಅವನಿಗೆ ಯಾರು ಹೇಳಿದ್ದು?" ಎಂದು ಜಯಲಕ್ಷ್ಮಮ್ಮ ಕೇಳಿದರು.

"ಅವನಿಗೆ ಎಲ್ಲರ ಹೆಸರೂ ಗೊತ್ತಮ್ಮ."

"ಹೂಂ." ಸ್ವಲ್ಪ ದೂರ ಹೋದ ಮೇಲೆ, "ಚೆನ್ನಾಗಿ ನುಡಿಸ್ದೆ," ಎಂದರು.

ಆ ಮಾತಿಗಾಗಿ ಅವನು ಇಪ್ಪತ್ತನಾಲ್ಕು ವರ್ಷ ಕಾದಿದ್ದ. ಈಗ ಅದು ಬಂದು ಎದೆಗೆ ಹೊಡೆಯಿತು.

"ಅಮ್ಮ, ಅಪ್ಪನೇ ಒಂದ್ಸಲ..." ಎಂದು ಶುರು ಮಾಡಿದ.

"ನಿಮ್ಮಪ್ಪ ಇವತ್ತು ಇನ್ನೊಂದ್ಸಲ ಹೋದ ಹಾಗಾಯ್ತು ಕಣೋ," ಎಂದರು ಆಕೆ. "ಆವತ್ತು ಅಳೋಕಾದ್ರೂ ಜನ ಇದ್ರು."

ಅವನು ಆ ಮಾಳಿಗೆಯ ಸಂಗತಿಯನ್ನು ಮತ್ತೆ ಎತ್ತಲಿಲ್ಲ.

ಮನೆಯ ಮುಂದೆ ಬೀದಿದೀಪದ ಬೆಳಕಿನಲ್ಲಿ ರಂಗೋಲಿ ಒಂದು ಗೆರೆಯೂ ಅಳಿಸದೆ ಇತ್ತು. ಜಯಲಕ್ಷ್ಮಮ್ಮ ಅದರ ಮುಂದೆ ನಿಂತು ನೋಡಿದರು. ಎರಡೂ ಬಾಗಿಲ ಬೀಗದ ಕೈಗಳು ಅವರ ಸೆರಗಿನ ತುದಿಯಲ್ಲೇ ಇದ್ದವು. ಅವರು ರಂಗೋಲಿ ತುಳಿಯದೆ ಪಕ್ಕಕ್ಕೆ ತಿರುಗಿ, ಗೋಡೆ ಹಿಡಿದುಕೊಂಡು, ಸಂದಿಯೊಳಗೆ ನಡೆದರು. ಆ ಸಂದಿಯಲ್ಲಿ ಅವರು ನಡೆದದ್ದೇ ಅಪರೂಪ. ಗುರುಚರಣ ಹೊಸ ಬುಲ್‌ಬುಲ್ಲನ್ನು ಎದೆಗವಚಿಕೊಂಡು ಹಿಂದೆ ಹೋದ.

ಹಿತ್ತಲಲ್ಲಿ ಬಕೆಟ್ ಬೋರಲು ಬಿದ್ದಿತ್ತು. ತಟ್ಟೆ ಅದರ ಮೇಲಿತ್ತು.

"ಪಂಪ್ ಹೊಡಿ," ಎಂದರು ಜಯಲಕ್ಷ್ಮಮ್ಮ.

"ನೀರಿಲ್ಲಮ್ಮ ಅದರಲ್ಲಿ. ಒಳಗೆ ಕುಡಿಯೋ ನೀರಿದೆ. ನೀನು ಒಳಗೆ ಹೋಗು. ಅದು ಸಾವಿನ ಮನೆ ಅಲ್ಲ."

"ಹೊಡಿ."

ಅವನು ವಾದ್ಯವನ್ನು ಮೆಟ್ಟಿಲ ಮೇಲಿಟ್ಟು ಪಂಪಿನ ಹಿಡಿ ಹಿಡಿದ. ಮೊದಲು ಬರಿಯ ಗಾಳಿ, ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು. ಹೊಸ ಷರಟು ಬೆನ್ನಿಗೆ ಅಂಟಿಕೊಂಡಿತು. ತಾಯಿ ಬಕೆಟ್ಟನ್ನು ಎತ್ತಿ ಮೂತಿಯ ಕೆಳಗಿಟ್ಟು ಕಾದು ನಿಂತರು. ಬಹಳ ಹೊತ್ತಿನ ಮೇಲೆ ಪಂಪು ಕೆಮ್ಮಿತು. ಮರಳು ಬೆರೆತ ಉಪ್ಪುನೀರು ದಾರದಷ್ಟು ಸಣ್ಣಗೆ ಇಳಿಯಿತು. ಅರ್ಧ ಬಕೆಟ್ ತುಂಬುವ ಹೊತ್ತಿಗೆ ಮತ್ತೆ ಗಾಳಿ. ಅವನು ಇನ್ನೂ ಹೊಡೆದ, ಬರಲಿಲ್ಲ.

"ಸಾಕು. ಆ ಕಡೆ ತಿರುಗು."

ಅವನು ಗೋಡೆಯ ಕಡೆ ತಿರುಗಿದ. ಎದುರಿಗೆ ಮೆಟ್ಟಿಲ ಕೆಳಗೆ ಹಳೆಯ ಬುಲ್‌ಬುಲ್ ಗೋಣಿಚೀಲದಲ್ಲಿ ತೂಗುತ್ತಿತ್ತು. ಹೊಸದನ್ನು ತೂಗುಹಾಕಲು ಇನ್ನೊಂದು ಮೊಳೆ ಹೊಡೆಯಬೇಕು. ಬೆನ್ನ ಹಿಂದೆ ಚೊಂಬಿನ ಸದ್ದು ಕೇಳಿಸಿತು. ರೇಷ್ಮೆ ಸೀರೆಯ ಮೇಲೆ ನೀರು ಬಿದ್ದು ನೆಲಕ್ಕೆ ಹರಿಯಿತು. ಒಂದು ಚೊಂಬು, ಎರಡು, ಮೂರು. ಆಮೇಲೆ ನಿಂತಿತು. ಒದ್ದೆ ಸೀರೆಯ ಸಪ್ಪಳ ಹಿಂಬಾಗಿಲಿನವರೆಗೆ ಹೋಯಿತು, ಬೀಗ ತೆಗೆದ ಸದ್ದಾಯಿತು, ಒಳಗೆ ದೀಪ ಹತ್ತಿತು.

ಗುರುಚರಣ ತಿರುಗಿ ನೋಡಿದ. ಬಕೆಟ್ಟಿನಲ್ಲಿ ಅರ್ಧಕ್ಕರ್ಧ ನೀರು ಉಳಿಸಿ, ಮೇಲೆ ತಟ್ಟೆ ಮುಚ್ಚಿದ್ದರು.